ಕ್ಯಾಲಮೈನ್ ಲೋಶನ್: ಒಂಬತ್ತನೇ ತಿಂಗಳ ಕಡಿತಕ್ಕೆ ಗುಲಾಬಿ ಬಾಟಲಿ

ಎರಡೂವರೆ ಬಾಟಲಿ ಖಾಲಿ ಮಾಡಿದ್ದೇನೆ. ಅಷ್ಟಾದ ಮೇಲೆ ಈ ಲೋಶನ್ ಬಗ್ಗೆ ನಾಲ್ಕು ಮಾತು ಬರೆಯಬಹುದು, ಅಲ್ವಾ?

ನನ್ನದು ಮೊದಲ ಬಸಿರು. ಕುಬಸ ಮುಗಿಸಿಕೊಂಡು ಗದಗಿನಿಂದ ಹುಬ್ಬಳ್ಳಿಯ ತವರಿಗೆ ಬಂದಿದ್ದೆ. ಏಪ್ರಿಲ್ ತಿಂಗಳು. ಕೇಶ್ವಾಪುರದ ನಮ್ಮ ಮನೆಯಲ್ಲಿ ಮಧ್ಯಾಹ್ನ ಫ್ಯಾನಿನ ಗಾಳಿಯೂ ಬಿಸಿ. 35ನೇ ವಾರದಲ್ಲಿ ಹೊಟ್ಟೆಯ ಸ್ಟ್ರೆಚ್ ಮಾರ್ಕ್ ಗೆರೆಗಳ ಮೇಲೇ ಸಣ್ಣ ಸಣ್ಣ ಕೆಂಪು ಗುಳ್ಳೆ ಎದ್ದವು. ಎರಡು ದಿನದಲ್ಲಿ ಒಂದಕ್ಕೊಂದು ಕೂಡಿ ದದ್ದಾಗಿ ತೊಡೆಗೆ ಇಳಿದವು. ಹೊಕ್ಕಳ ಸುತ್ತ ಮಾತ್ರ ಹತ್ತು ರೂಪಾಯಿ ನಾಣ್ಯದಷ್ಟು ಜಾಗ ಸ್ವಚ್ಛ. ಅಲ್ಲಿ ಒಂದು ಗುಳ್ಳೆಯೂ ಇಲ್ಲ.

"ಪಿತ್ತಗಂಧಿ ಎದ್ದಾವ, ಬೇವಿನ ಎಲಿ ನೀರು ಹಾಕ್ಕೋ" ಅಂದಳು ಅವ್ವ. ಹಾಕಿಕೊಂಡೆ. ಸುಡುಸುಡು ನೀರು ಬಿದ್ದದ್ದೇ ತಡ, ಕಡಿತ ಇಮ್ಮಡಿಯಾಯಿತು. ರಾತ್ರಿಯೆಲ್ಲ ಹಣಿಗೆ ಹಿಡಿದು ಕೆರೆದುಕೊಂಡಿದ್ದೇನೆ, ಸುಳ್ಳೇಕೆ ಹೇಳಲಿ.

ಮರುದಿನ ಅಪ್ಪ ಮೆಡಿಕಲ್ ಶಾಪಿನಿಂದ ಒಂದು ಟ್ಯೂಬ್ ತಂದರು. ಯಾವ ಅಂಗಡಿ ಅಂತ ಬರೆಯುವುದಿಲ್ಲ. ಬಸುರಿಗೆ ಅಂತ ಹೇಳಿದ್ದರೂ ಚೀಟಿ ಕೇಳದೇ ಕೊಟ್ಟಿದ್ದ. ಸ್ಟ್ರಾಂಗ್ ಸ್ಟೆರಾಯ್ಡು, ಆ್ಯಂಟಿಬಯಾಟಿಕ್ಕು, ಫಂಗಸ್ ಔಷಧಿ ಮೂರೂ ಕಲಸಿದ ಕ್ರೀಮು. ಪುಣ್ಯಕ್ಕೆ ಹಚ್ಚುವ ಮೊದಲು ಚರ್ಮದ ಡಾಕ್ಟರ್ ಹತ್ತಿರ ಹೋದೆ. ಅವರು ಟ್ಯೂಬ್ ತಿರುಗಿಸಿ ಓದಿ ಪಕ್ಕಕ್ಕಿಟ್ಟರು. ನಿಮಗೆ ಫಂಗಸ್ಸೂ ಇಲ್ಲ, ಸೋಂಕೂ ಇಲ್ಲ ಅಂದರು. ಇಂಥ ಜೋರಿನ ಸ್ಟೆರಾಯ್ಡನ್ನು ಬಸುರಿಯರು ಬಹಳ ದಿನ, ಬಹಳ ಜಾಗಕ್ಕೆ ಹಚ್ಚಿದರೆ ಮಗುವಿನ ತೂಕ ಕಡಿಮೆ ಆಗಬಹುದಂತೆ.

ಆಮೇಲೆ ಅವರು ಕೇಳಿದ ಪ್ರಶ್ನೆ ಇನ್ನೂ ನೆನಪಿದೆ. "ಅಂಗೈ, ಅಂಗಾಲು ಕಡಿತಾವೇನ್ರಿ? ರಾತ್ರಿ ಜಾಸ್ತಿ ಆಗ್ತದೇನು?"

ಗುಳ್ಳೆ ಇಲ್ಲದೇ ಬರೀ ಕಡಿತ, ಅದೂ ಅಂಗೈ ಅಂಗಾಲಿನಲ್ಲಿ ಅಂದರೆ ಅದು ಲಿವರ್‌ನ ತೊಂದರೆ ಇರಬಹುದು. ಪಿತ್ತರಸ ಸರಿಯಾಗಿ ಹರಿಯದೇ ಅದರ ಆಮ್ಲ ರಕ್ತದಲ್ಲಿ ಏರುತ್ತದೆ. ಇದಕ್ಕೆ ಕೊಲೆಸ್ಟಾಸಿಸ್ ಅಂತಾರೆ. ತಾಯಿಗೆ ಬರೀ ಕಡಿತ ಅನಿಸಿದರೂ, ಆಮ್ಲ ತುಂಬ ಏರಿದರೆ ಹೊಟ್ಟೆಯಲ್ಲಿರುವ ಮಗುವಿನ ಜೀವಕ್ಕೇ ಅಪಾಯ. ಕೆಲವರಿಗೆ ಅದಕ್ಕೇ ಹೆರಿಗೆ ಬೇಗ ಮಾಡಿಸುತ್ತಾರೆ. ಅಂಥ ಕಡಿತ ಇದ್ದವರು ಲೋಶನ್ ಹಚ್ಚುತ್ತಾ ಕೂರಬೇಡಿ, ಅವತ್ತೇ ಹೋಗಿ ರಕ್ತ ಪರೀಕ್ಷೆ ಮಾಡಿಸಿ. ನನಗೆ ಅಂಗಾಲು ಸ್ವಲ್ಪ ಕಡಿಯುತ್ತಿತ್ತು, ಹಾಗಾಗಿ ನನ್ನದೂ ಮಾಡಿಸಿದರು. ರಿಪೋರ್ಟ್ ನಾರ್ಮಲ್ ಬಂತು. ಅವ್ವನಿಗೆ ಪಿತ್ತದ ಪರೀಕ್ಷೆ ಅಂದದ್ದಷ್ಟೇ ಸಾಕಾಯಿತು. "ನಾ ಪಿತ್ತ ಅಂದಿದ್ದೆ, ನೀ ಕೇಳಲಿಲ್ಲ" ಅಂತ ಇಡೀ ಓಣಿಗೆ ಹೇಳಿಕೊಂಡು ಬಂದಳು.

ನನ್ನದರ ಹೆಸರು ಪಾಲಿಮಾರ್ಫಿಕ್ ಇರಪ್ಷನ್. ಹೆಚ್ಚಾಗಿ ಮೊದಲ ಬಸಿರಿನಲ್ಲಿ, ಕೊನೆಯ ವಾರಗಳಲ್ಲಿ ಬರುತ್ತದೆ. ಮಗುವಿಗೆ ಏನೂ ಆಗುವುದಿಲ್ಲ. ಹೊಕ್ಕಳು ಬಿಟ್ಟು ಎದ್ದದ್ದೇ ಅದರ ಗುರುತು. ಹೊಕ್ಕಳ ಸುತ್ತಲೇ ಶುರುವಾಗಿ ನೀರುಗುಳ್ಳೆ ಎದ್ದರೆ ಅದು ಬೇರೆ ರೋಗ, ಅಪರೂಪದ್ದು. ಡಾಕ್ಟರ್ ಬರೆದದ್ದು ರಾತ್ರಿಗೊಂದು ಮಾತ್ರೆ, ತೀರಾ ಕೆಂಪಾದ ಕಡೆ ಮಾತ್ರ ತೆಳ್ಳಗೆ ಹಚ್ಚಲು ಮೆದು ಸ್ಟೆರಾಯ್ಡ್ ಕ್ರೀಮು, ಉಳಿದ ಮೈಗೆಲ್ಲ ಕ್ಯಾಲಮೈನ್.

ಈಗ ಲೋಶನ್ ವಿಷಯಕ್ಕೆ ಬರೋಣ. ನಾನು ತಂದದ್ದು ಸಾದಾ ಕ್ಯಾಲಮೈನ್, ಪರಿಮಳ ಗಿರಿಮಳ ಇಲ್ಲದ್ದು. ಬೆಲೆ 150 ರೂಪಾಯಿ ಒಳಗೇ. ಸತುವಿನ ಆಕ್ಸೈಡಿಗೆ ಚೂರು ಕಬ್ಬಿಣದ ಆಕ್ಸೈಡ್ ಸೇರಿಸಿರುತ್ತಾರೆ, ಆ ಗುಲಾಬಿ ಬಣ್ಣ ಅದರದೇ. ಪುಡಿ ತಳಕ್ಕೆ ಕೂತು ಮೇಲೆ ನೀರು ನಿಲ್ಲುತ್ತದೆ. ಹಾಗಾಗಿ ಪ್ರತಿ ಸಲ ಚೆನ್ನಾಗಿ ಅಲ್ಲಾಡಿಸಬೇಕು. ನಾನು ಹತ್ತಿಯಲ್ಲಿ ಅದ್ದಿ, ಒತ್ತದೇ ಹಚ್ಚುತ್ತಿದ್ದೆ. ನೀರು ಆರುತ್ತಾ ಹೋದ ಹಾಗೆ ಮೈ ತಣ್ಣಗಾಗುತ್ತದೆ. ಹಚ್ಚಿ ಎರಡು ನಿಮಿಷಕ್ಕೆ "ಹಾ" ಅನಿಸುತ್ತದೆ ನೋಡಿ, ಆ ಹೊತ್ತಲ್ಲಿ ಹತ್ತು ಸಾವಿರ ಕೇಳಿದ್ದರೂ ಕೊಡುತ್ತಿದ್ದೆ.

ತೊಂದರೆ ಏನೆಂದರೆ ಆ ಸುಖ ಒಂದು ತಾಸು, ಜಾಸ್ತಿ ಅಂದರೆ ಒಂದೂವರೆ. ರಾತ್ರಿ ಎರಡಕ್ಕೆ ಮತ್ತೆ ಎದ್ದು ಕೂರಬೇಕು. ಒಣಗಿದ ಮೇಲೆ ಚರ್ಮ ಬಿಗಿಯುತ್ತದೆ, ಬೆಳಿಗ್ಗೆ ಹಾಸಿಗೆ ತುಂಬ ಸುಣ್ಣದಂಥ ಪುಡಿ. ಅವ್ವನ ಕಪ್ಪು ಇಳಕಲ್ ಸೀರೆ ಹಳೆಯದು, ಮೆತ್ತಗಿದೆ ಅಂತ ಸುತ್ತಿಕೊಂಡಿದ್ದೆ. ಅದರ ಮೇಲೆ ಬಿದ್ದ ಬಿಳಿ ಕಲೆ ತೆಗೆಯಲು ಎರಡು ಸಲ ಒಗೆಯಬೇಕಾಯಿತು. ಆ ಬೈಗುಳ ಇಲ್ಲಿ ಬರೆಯುವ ಹಾಗಿಲ್ಲ.

ಸ್ಟ್ರೆಚ್ ಮಾರ್ಕಿಗೆ ಇದರಿಂದ ಏನೂ ಆಗುವುದಿಲ್ಲ. ಮುಖದ ಬಂಗಿಗೂ ಅಷ್ಟೇ. ನನ್ನ ಕೆನ್ನೆಯ ಬಂಗಿಗೆ ಡಾಕ್ಟರ್ ಸನ್‌ಸ್ಕ್ರೀನ್ ಹೇಳಿದರು, ರೆಟಿನಾಲ್ ಇರುವ ಕ್ರೀಮು ಮುಟ್ಟಬೇಡಿ ಅಂದರು. ಬಂಗು ನೋಡಿ ಗಂಡೋ ಹೆಣ್ಣೋ ಹೇಳಲು ಬಂದವರಿಗೆ ಚಹಾ ಕೊಟ್ಟು ಕಳಿಸಿದೆವು.

ಐದಕ್ಕೆ ನಾಲ್ಕು ಕೊಡುತ್ತೇನೆ. ಒಂದು ಕಡಿಮೆ ಮಾಡಿದ್ದು ಸೀರೆಯ ಲೆಕ್ಕಕ್ಕೆ.

ಹೆರಿಗೆಯಾಗಿ ಹತ್ತು ದಿನಕ್ಕೆ ದದ್ದೆಲ್ಲ ಒಣಗಿ ಹೋಯಿತು. ಮೂರನೇ ಬಾಟಲಿ ಅರ್ಧ ಉಳಿದಿದೆ. ಉಣಕಲ್ ಕೆರೆಗೆ ವಾಕಿಂಗ್ ಹೋಗಿ ಸೊಳ್ಳೆ ಕಚ್ಚಿಸಿಕೊಂಡು ಬರುವ ಅಪ್ಪ ಈಗ ಅದನ್ನು ಹಚ್ಚಿಕೊಳ್ಳುತ್ತಾರೆ. ಅಲ್ಲಾಡಿಸುವುದಿಲ್ಲ. ಬರೀ ನೀರು ಸವರಿಕೊಂಡು, "ಏನೂ ಗುಣ ಇಲ್ಲ ಇದರಾಗ" ಅನ್ನುತ್ತಾರೆ.