ಮೂರು ತುಂಬದ ಮಗುವಿನೊಂದಿಗೆ ಕ್ರೂಸ್: ಗ್ಯಾಲ್ವೆಸ್ಟನ್‌ನಿಂದ ಹೊರಡುವ ಎರಡು ಹಡಗುಗಳ ಹೋಲಿಕೆ

ಹ್ಯೂಸ್ಟನ್ ಸುತ್ತಮುತ್ತ ನೆಲೆಸಿರುವ ಕನ್ನಡ ಕುಟುಂಬಗಳಿಗೆ ಕ್ರೂಸ್ ರಜೆಯ ಯೋಚನೆ ಬಂದಾಗ ಮೊದಲು ಹೊಳೆಯುವುದು ಗ್ಯಾಲ್ವೆಸ್ಟನ್ ಬಂದರು. ನಗರದಿಂದ ಸುಮಾರು 50 ಮೈಲಿ ದೂರದಲ್ಲಿರುವ ಈ ಬಂದರಿಗೆ ಸ್ವಂತ ಕಾರಿನಲ್ಲಿ ಹೋಗಿ ಹಡಗು ಹತ್ತಬಹುದು. ಎಳೆಯ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಫ್ಲಾರಿಡಾಕ್ಕೆ ವಿಮಾನದಲ್ಲಿ ಹೋಗುವ ಪ್ರಯಾಸ ತಪ್ಪುತ್ತದೆ. ನಾವು ಇಲ್ಲಿಂದ ಎರಡು ಬಗೆಯ ಹಡಗುಗಳಲ್ಲಿ ಮಗಳೊಂದಿಗೆ ಪ್ರಯಾಣ ಮಾಡಿದ್ದೇವೆ. ಅವಳಿಗೆ ಒಂದೂವರೆ ವರ್ಷವಾಗಿದ್ದಾಗ ರಾಯಲ್ ಕೆರಿಬಿಯನ್ ಕಂಪನಿಯ ಹಾರ್ಮನಿ ಆಫ್ ದ ಸೀಸ್, ಎರಡು ದಾಟಿದ ಮೇಲೆ ಡಿಸ್ನಿ ಕಂಪನಿಯ ಡಿಸ್ನಿ ಮ್ಯಾಜಿಕ್. ನನ್ನ ತೀರ್ಮಾನವನ್ನು ಮೊದಲೇ ಹೇಳುತ್ತೇನೆ: ಮಗುವಿಗೆ ಮೂರು ವರ್ಷ ತುಂಬುವವರೆಗೆ ಮ್ಯಾಜಿಕ್ ಮೇಲು, ಮೂರು ತುಂಬಿ, ಡೈಪರ್ ಬಿಟ್ಟ ಮೇಲೆ ಹಾರ್ಮನಿ ಕೊಡುವಷ್ಟನ್ನು ಮ್ಯಾಜಿಕ್ ಕೊಡಲಾರದು. ಎರಡು ಪ್ರಯಾಣಗಳ ನಡುವೆ ಮಗಳೂ ಬೆಳೆದಿದ್ದಳು ಎಂಬುದನ್ನು ಓದುಗರು ಗಮನದಲ್ಲಿ ಇಟ್ಟುಕೊಳ್ಳಬೇಕು. ಆದ್ದರಿಂದ ಅವಳು ಎಲ್ಲಿ ಹೆಚ್ಚು ನಕ್ಕಳು ಎಂಬುದಕ್ಕಿಂತ, ಆ ವಯಸ್ಸಿನ ಯಾವ ಮಗುವಿಗೂ ಅನ್ವಯಿಸುವ ಸಂಗತಿಗಳನ್ನೇ ಇಲ್ಲಿ ಹೋಲಿಸಿದ್ದೇನೆ.

ಎಲ್ಲಕ್ಕಿಂತ ಮೊದಲು ತಿಳಿಯಬೇಕಾದದ್ದು ವಯಸ್ಸಿನ ನಿಯಮ. ಎರಡೂ ಕಂಪನಿಗಳು ಸಾಮಾನ್ಯ ಪ್ರಯಾಣಗಳಿಗೆ ಆರು ತಿಂಗಳು ತುಂಬಿದ ಮಗುವನ್ನು ಸೇರಿಸಿಕೊಳ್ಳುತ್ತವೆ. ದಡ ಕಾಣದೆ ಹಲವು ದಿನ ಸಾಗುವ ದೀರ್ಘ ಯಾನಗಳಿಗೆ ಮಾತ್ರ ಒಂದು ವರ್ಷ ತುಂಬಿರಬೇಕು. ಆದರೆ ಮಕ್ಕಳಿಗಾಗಿ ಶುಲ್ಕವಿಲ್ಲದೆ ನಡೆಯುವ ಕ್ಲಬ್‌ಗಳಿಗೆ, ಅಂದರೆ ರಾಯಲ್ ಕೆರಿಬಿಯನ್‌ನ ಅಡ್ವೆಂಚರ್ ಓಶನ್‌ಗೂ ಡಿಸ್ನಿಯ ಓಶನೀರ್ ಕ್ಲಬ್‌ಗೂ, ಮೂರು ವರ್ಷ ತುಂಬಿ ಶೌಚದ ಅಭ್ಯಾಸವಾಗಿರುವ ಮಕ್ಕಳಿಗೆ ಮಾತ್ರ ಪ್ರವೇಶ. ಹೀಗಾಗಿ ಆರು ತಿಂಗಳಿನಿಂದ ಮೂರು ವರ್ಷದೊಳಗಿನ ಮಗು ಹಡಗನ್ನು ಹತ್ತಬಹುದು, ಆದರೆ ಜಾಹೀರಾತಿನ ಚಿತ್ರಗಳಲ್ಲಿ ಕಾಣುವ ಬಹುಪಾಲು ಆಟಗಳು ಅದಕ್ಕೆ ದಕ್ಕುವುದಿಲ್ಲ. ಜಾರುಬಂಡೆಗಳ ಎತ್ತರವನ್ನೂ ಐಸ್ ಸ್ಕೇಟಿಂಗ್ ಅಂಕಣವನ್ನೂ ನೋಡಿ ಟಿಕೆಟ್ ಕೊಳ್ಳುವ ತಂದೆತಾಯಿಗಳಿಗೆ ಈ ಮಾತನ್ನು ಯಾರಾದರೂ ಮುಂಚೆಯೇ ಹೇಳಬೇಕು.

ಗಾತ್ರದಲ್ಲಿ ಈ ಎರಡು ಹಡಗುಗಳಿಗೆ ಹೋಲಿಕೆಯೇ ಇಲ್ಲ. 2016ರಲ್ಲಿ ಸೇವೆಗೆ ಬಂದ ಹಾರ್ಮನಿ ಸುಮಾರು 2,27,000 ಟನ್ನಿನದು, 362 ಮೀಟರ್ ಉದ್ದ, ಐದೂವರೆ ಸಾವಿರಕ್ಕೂ ಹೆಚ್ಚು ಪ್ರಯಾಣಿಕರನ್ನು ಹೊರುತ್ತದೆ. 1998ರ ಮ್ಯಾಜಿಕ್ ಸುಮಾರು 84,000 ಟನ್ನಿನದು, ಪ್ರಯಾಣಿಕರ ಸಂಖ್ಯೆ ಅದರ ಅರ್ಧದಷ್ಟು. ದೊಡ್ಡ ಹಡಗು ಅಲೆಗಳ ನಡುವೆ ಕಡಿಮೆ ತೂಗುತ್ತದೆ ಎಂಬುದು ನಿಜ. ಆದರೆ ಮಗು ಇರುವವರಿಗೆ ಹಡಗಿನ ಗಾತ್ರ ಮುಖ್ಯವಾಗಿ ಅನುಭವಕ್ಕೆ ಬರುವುದು ಲಿಫ್ಟಿನ ಮುಂದೆ. ಊಟದ ಹೊತ್ತಿಗೆ ಸ್ಟ್ರೋಲರ್ ಹಿಡಿದು ಲಿಫ್ಟಿಗೆ ಕಾಯುವುದು, ಮರೆತ ಬಾಟಲಿಗಾಗಿ ಹಡಗಿನ ಒಂದು ತುದಿಯಿಂದ ಇನ್ನೊಂದು ತುದಿಗೆ ನಡೆಯುವುದು, ನಿದ್ದೆಗೆ ಜಾರುತ್ತಿರುವ ಮಗುವನ್ನು ಗದ್ದಲದ ನಡುವೆ ಕೋಣೆಗೆ ಸೇರಿಸುವುದು, ಇವೆಲ್ಲ ಚಿಕ್ಕ ಹಡಗಿನಲ್ಲಿ ಗಮನಾರ್ಹವಾಗಿ ಸುಲಭ.

ಈಗ ಕೋಣೆಯ ವಿಚಾರ. ಎಳೆಯ ಮಗುವಿನ ರಜೆಯ ಮುಕ್ಕಾಲು ಭಾಗ ಕೋಣೆಯಲ್ಲೇ ನಡೆಯುವುದರಿಂದ ಇದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕಾಗಿದೆ. ಎರಡು ವರ್ಷದ ಮಗು ಮಧ್ಯಾಹ್ನ ಎರಡು ಗಂಟೆ ಮಲಗುತ್ತದೆ, ಸಂಜೆ ಎಂಟಕ್ಕೆ ಮತ್ತೆ ಮಲಗುತ್ತದೆ. ಆ ಹೊತ್ತಿನಲ್ಲಿ ದೊಡ್ಡವರು ಎಲ್ಲಿ ಕೂರಬೇಕು ಎಂಬುದೇ ಕೋಣೆಯ ನಿಜವಾದ ಪ್ರಶ್ನೆ. ಮ್ಯಾಜಿಕ್‌ನಲ್ಲಿ ಹಾಸಿಗೆಗೂ ಸೋಫಾಕ್ಕೂ ನಡುವೆ ದಪ್ಪನೆಯ ಪರದೆ ಇದೆ. ತೊಟ್ಟಿಲನ್ನು ಒಂದು ಬದಿಗಿಟ್ಟು ಪರದೆ ಎಳೆದರೆ, ಇನ್ನೊಂದು ಬದಿಯಲ್ಲಿ ಸಣ್ಣ ದೀಪ ಹಚ್ಚಿಕೊಂಡು ನಾವು ಮೆಲ್ಲಗೆ ಮಾತನಾಡುತ್ತ ಕೂರಬಹುದಾಗಿತ್ತು. ಅಲ್ಲಿನ ಹೆಚ್ಚಿನ ಕೋಣೆಗಳಲ್ಲಿ ಸ್ನಾನದ ಮನೆಯೂ ಶೌಚಾಲಯವೂ ಬೇರೆ ಬೇರೆ ಬಾಗಿಲಿನವು, ಎರಡರಲ್ಲೂ ಕೈ ತೊಳೆಯುವ ಬೋಗುಣಿ ಇದೆ, ಮತ್ತು ಸ್ನಾನಕ್ಕೆ ಟಬ್ ಇದೆ. ಟಬ್ಬಿನ ಬೆಲೆ ತಿಳಿಯುವುದು ಮರಳು ಮೆತ್ತಿಕೊಂಡ ಮಗುವನ್ನು ಕಡಲತೀರದಿಂದ ಕರೆತಂದಾಗ. ಹಾರ್ಮನಿಯ ಸಾಮಾನ್ಯ ದರ್ಜೆಯ ಕೋಣೆಗಳಲ್ಲಿ ಇರುವುದು ಶವರ್ ಮಾತ್ರ. ತಲೆಯ ಮೇಲಿಂದ ನೀರು ಬೀಳುವುದಕ್ಕೆ ಹೆದರುವ ಮಕ್ಕಳಿಗಾಗಿ ಗಾಳಿ ತುಂಬುವ ಚಿಕ್ಕ ಟಬ್ಬೊಂದನ್ನು ಪೆಟ್ಟಿಗೆಯಲ್ಲಿ ಇಟ್ಟುಕೊಳ್ಳುವುದು ಲೇಸು. ಮಡಚುವ ತೊಟ್ಟಿಲನ್ನು ಎರಡೂ ಕಡೆ ಶುಲ್ಕವಿಲ್ಲದೆ ಕೊಡುತ್ತಾರೆ, ಆದರೆ ಕಾಯ್ದಿರಿಸುವಾಗಲೇ ಕೇಳಿರಬೇಕು.

ಬಾಲ್ಕನಿ ಇರುವ ಕೋಣೆಯೋ, ಕಿಟಕಿಯೇ ಇಲ್ಲದ ಒಳಕೋಣೆಯೋ ಎಂಬ ಚರ್ಚೆಯಲ್ಲಿ ನನ್ನ ಒಲವು ಬಾಲ್ಕನಿಯ ಕಡೆಗಿದೆ. ಒಳಕೋಣೆ ಹಗಲಿನಲ್ಲೂ ಕಗ್ಗತ್ತಲಾಗಿದ್ದು ಮಗು ಚೆನ್ನಾಗಿ ಮಲಗುತ್ತದೆ, ಹಣವೂ ಉಳಿಯುತ್ತದೆ; ಆದರೆ ಮಗು ಮಲಗಿದ ಮೇಲೆ ದೊಡ್ಡವರೂ ಅದೇ ಕತ್ತಲಲ್ಲಿ ಕೂರಬೇಕಾಗುತ್ತದೆ. ಹಾರ್ಮನಿಯಲ್ಲಿ ಸಮುದ್ರದ ಕಡೆಗಲ್ಲದೆ ಹಡಗಿನ ನಡುವೆ ಇರುವ ಸೆಂಟ್ರಲ್ ಪಾರ್ಕ್ ಎಂಬ ತೋಟದ ಕಡೆಗೆ ತೆರೆಯುವ ಬಾಲ್ಕನಿಗಳೂ ಇವೆ. ನಿಜವಾದ ಗಿಡಮರಗಳಿರುವ ಆ ಜಾಗ ನಿಶ್ಶಬ್ದವಾಗಿರುತ್ತದೆ, ಗಾಳಿಯ ಹೊಡೆತವೂ ಇರುವುದಿಲ್ಲ. ಬೋರ್ಡ್‌ವಾಕ್ ಎಂಬ, ಆಟ ಮತ್ತು ಪ್ರದರ್ಶನಗಳ ತೆರೆದ ಬೀದಿಯ ಕಡೆಗಿನ ಬಾಲ್ಕನಿಯನ್ನು ಮಗು ಇರುವವರು ಆರಿಸಬಾರದು, ಏಕೆಂದರೆ ರಾತ್ರಿಯ ಪ್ರದರ್ಶನಗಳ ಸದ್ದು ಅಲ್ಲಿಗೆ ಮುಟ್ಟುತ್ತದೆ. ಯಾವ ಹಡಗಾದರೂ ಸರಿ, ಬಾಲ್ಕನಿ ಬಾಗಿಲಿನ ಚಿಲಕ ಮಗುವಿನ ಕೈಗೆ ಎಟುಕುತ್ತದೆಯೇ ಎಂಬುದನ್ನು ಕೋಣೆ ಸೇರಿದ ಕೂಡಲೇ ಪರೀಕ್ಷಿಸಬೇಕು, ಬಾಲ್ಕನಿಯಲ್ಲಿರುವ ಕುರ್ಚಿಗಳನ್ನು ಕಂಬಿಯಿಂದ ದೂರ ಸರಿಸಬೇಕು.

ನೀರಿನ ಆಟದಲ್ಲಿ ಎರಡು ಹಡಗುಗಳ ಅಂತರ ಇನ್ನೂ ಸ್ಪಷ್ಟ. ಅಮೆರಿಕದ ರೋಗ ನಿಯಂತ್ರಣ ಕೇಂದ್ರವಾದ ಸಿಡಿಸಿಯ ಹಡಗು ನೈರ್ಮಲ್ಯ ನಿಯಮಗಳ ಪ್ರಕಾರ ಡೈಪರ್ ಕಟ್ಟಿದ ಮಕ್ಕಳು, ಈಜಿನ ಡೈಪರ್ ಆದರೂ ಸರಿಯೇ, ಸಾಮಾನ್ಯ ಕೊಳಗಳಿಗೆ ಇಳಿಯುವಂತಿಲ್ಲ. ಅವರಿಗೆಂದೇ ಪ್ರತ್ಯೇಕ ಶುದ್ಧೀಕರಣ ವ್ಯವಸ್ಥೆಯಿರುವ ಜಾಗ ಬೇಕು. ಈ ನಿಯಮ ಕಠಿಣವೆನಿಸಿದರೂ ನಾನು ಅದನ್ನು ಪೂರ್ಣವಾಗಿ ಒಪ್ಪುತ್ತೇನೆ, ಏಕೆಂದರೆ ಸಾವಿರಾರು ಜನ ಹಂಚಿಕೊಳ್ಳುವ ನೀರಿನಲ್ಲಿ ಒಂದು ಮಗುವಿನ ಭೇದಿ ಇಡೀ ಹಡಗಿನ ಕಾಯಿಲೆಯಾಗಬಲ್ಲದು. ಮ್ಯಾಜಿಕ್‌ನಲ್ಲಿ ನೆಫ್ಯೂಸ್ ಸ್ಪ್ಲಾಶ್ ಝೋನ್ ಎಂಬ ಹೆಸರಿನಲ್ಲಿ ಮೂರು ವರ್ಷದೊಳಗಿನ, ಈಜಿನ ಡೈಪರ್ ಕಟ್ಟಿದ ಮಕ್ಕಳಿಗಾಗಿಯೇ ಮೀಸಲಾದ ನೀರಾಟದ ಜಾಗವಿದೆ. ಅಲ್ಲಿ ಮಗಳು ತನ್ನ ವಯಸ್ಸಿನ ಮಕ್ಕಳ ನಡುವೆ ಚಿಮ್ಮುವ ನೀರಿಗೆ ಕೈಯೊಡ್ಡಿ ಬೆಳಗಿನ ಹೊತ್ತನ್ನೆಲ್ಲ ಕಳೆಯುತ್ತಿದ್ದಳು. ಹಾರ್ಮನಿಯ ಸ್ಪ್ಲಾಶ್‌ಅವೇ ಬೇ ಅದಕ್ಕಿಂತ ಎಷ್ಟೋ ದೊಡ್ಡದು, ಬಣ್ಣ ಬಣ್ಣದ್ದು, ಆದರೆ ಅದರ ಮುಖ್ಯ ಭಾಗ ಡೈಪರ್ ಬಿಟ್ಟ ಮಕ್ಕಳಿಗೆ. ಅಷ್ಟು ಆಕರ್ಷಕವಾದ ಜಾಗವನ್ನು ಕಣ್ಣೆದುರಿಗೆ ಕಂಡು, ಒಳಗೆ ಹೋಗಲಾಗದ ಕಾರಣವನ್ನು ಒಂದೂವರೆ ವರ್ಷದ ಮಗುವಿಗೆ ತಿಳಿಸಿ ಹೇಳುವುದು ಸಾಧ್ಯವಿಲ್ಲ. ಅದೇ ಮಗು ನಾಲ್ಕು ವರ್ಷದ್ದಾದಾಗ ತುಲನೆ ಪೂರ್ತಿ ತಿರುಗಿಬೀಳುತ್ತದೆ.

ಹಾರ್ಮನಿಯಲ್ಲಿ ಚಿಕ್ಕ ಮಕ್ಕಳಿಗೆ ನಿಜವಾಗಿ ದಕ್ಕುವ ಒಂದು ವಸ್ತುವೆಂದರೆ ಬೋರ್ಡ್‌ವಾಕ್‌ನಲ್ಲಿರುವ, ಮರದ ಪ್ರಾಣಿಗಳ ಕ್ಯಾರೊಸೆಲ್. ತಂದೆಯೋ ತಾಯಿಯೋ ಪಕ್ಕದಲ್ಲಿ ನಿಂತು ಹಿಡಿದುಕೊಂಡರೆ ಮಗು ಎಷ್ಟು ಸಲ ಬೇಕಾದರೂ ಸುತ್ತಬಹುದು, ಶುಲ್ಕವಿಲ್ಲ. ಜೊತೆಗೆ ಸೆಂಟ್ರಲ್ ಪಾರ್ಕಿನ ದಾರಿಗಳಲ್ಲಿ ಸ್ಟ್ರೋಲರ್ ತಳ್ಳುತ್ತ ಮಗುವನ್ನು ಮಲಗಿಸುವುದು ಬಹಳ ಹಿತವಾದ ಕೆಲಸ.

ಮಗುವನ್ನು ಕೆಲವು ಗಂಟೆ ಬೇರೆಯವರ ಸುಪರ್ದಿಗೆ ಒಪ್ಪಿಸುವ ಅನುಕೂಲ ಎರಡೂ ಕಡೆ ಇದೆ. ಆರು ತಿಂಗಳಿನಿಂದ ಮೂರು ವರ್ಷದವರೆಗಿನ ಮಕ್ಕಳಿಗೆ ಗಂಟೆಗಿಷ್ಟು ಎಂಬ ಶುಲ್ಕದ ಮೇಲೆ ಶಿಶುಪಾಲನಾ ಕೊಠಡಿ ನಡೆಯುತ್ತದೆ. ರಾಯಲ್ ಕೆರಿಬಿಯನ್‌ನಲ್ಲಿ ಅದು ರಾಯಲ್ ಬೇಬೀಸ್ ಮತ್ತು ಟಾಟ್ಸ್, ಡಿಸ್ನಿಯಲ್ಲಿ ಇಟ್ಸ್ ಎ ಸ್ಮಾಲ್ ವರ್ಲ್ಡ್ ನರ್ಸರಿ. ಡಿಸ್ನಿಯಲ್ಲಿ ಪ್ರಯಾಣಕ್ಕೆ ಮುಂಚೆಯೇ ಗಂಟೆಗಳನ್ನು ಕಾಯ್ದಿರಿಸಬಹುದಾದ್ದರಿಂದ ಒಂದು ಸಂಜೆಯ ಊಟವನ್ನಾದರೂ ನೆಮ್ಮದಿಯಿಂದ ಮಾಡುವ ಯೋಜನೆ ಹಾಕಬಹುದು. ಯಾವ ಹಡಗಿನಲ್ಲೇ ಆಗಲಿ ಜಾಗಗಳು ಕಡಿಮೆ, ಸಂಜೆಯ ಗಂಟೆಗಳು ಬೇಗ ತುಂಬುತ್ತವೆ. ಅಪರಿಚಿತ ಮುಖ ಕಂಡರೆ ಅಳುವ ವಯಸ್ಸಿನ ಮಗುವನ್ನು ಮೊದಲ ದಿನ ಅರ್ಧ ಗಂಟೆ ಮಾತ್ರ ಬಿಟ್ಟು ನೋಡುವುದು ಒಳ್ಳೆಯದು.

ಇದಕ್ಕೆ ಪರ್ಯಾಯವಾಗಿ ಎರಡನೆಯ ಪ್ರಯಾಣದಲ್ಲಿ ದಾವಣಗೆರೆಯಿಂದ ಬಂದಿದ್ದ ನಮ್ಮ ಅತ್ತೆಯವರು ಜೊತೆಗಿದ್ದರು, ಮತ್ತು ಈ ಎರಡು ದಾರಿಗಳಲ್ಲಿ ಅಜ್ಜಿಯೇ ಮೇಲು ಎಂದು ನಾನು ನಿಸ್ಸಂಕೋಚವಾಗಿ ಹೇಳುತ್ತೇನೆ. ಶಿಶುಪಾಲನಾ ಕೊಠಡಿಯಲ್ಲಿ ಮಗು ಸುರಕ್ಷಿತವಾಗಿರುತ್ತದೆ, ಚೆನ್ನಾಗಿಯೇ ಇರುತ್ತದೆ. ಆದರೆ ಅಜ್ಜಿಯ ಬಳಿ ಅದು ತನ್ನದೇ ಮಾತಿನಲ್ಲಿ ಕಥೆ ಕೇಳುತ್ತ, ತನ್ನದೇ ಹಾಸಿಗೆಯಲ್ಲಿ ಮಲಗುತ್ತದೆ. ಆದರೂ ಅಜ್ಜಿ ಮಗುವನ್ನು ನೋಡಿಕೊಳ್ಳಲೆಂದು ಬಂದವರಲ್ಲ, ಅವರಿಗೂ ಇದು ರಜೆಯೇ. ಅತ್ತೆಯವರಿಗೆ ಪ್ರತಿದಿನ ಸಂಜೆ ಡೆಕ್ಕಿನಲ್ಲಿ ಕೂತು ಸೂರ್ಯಾಸ್ತ ನೋಡುವುದು ಬಹಳ ಪ್ರಿಯವಾಗಿತ್ತು, ಆ ಹೊತ್ತನ್ನು ನಾವು ಮಗಳ ಕಾರಣಕ್ಕೆ ಒಮ್ಮೆಯೂ ಮುಟ್ಟಲಿಲ್ಲ.

ಊಟದ ಬಗ್ಗೆ ಸಸ್ಯಾಹಾರಿ ಕುಟುಂಬಗಳು ಚಿಂತಿಸಬೇಕಾಗಿಲ್ಲ. ಹಾರ್ಮನಿಯ ಮುಖ್ಯ ಭೋಜನಶಾಲೆಯಲ್ಲಿ ಪ್ರತಿದಿನ ಒಂದು ಭಾರತೀಯ ಸಸ್ಯಾಹಾರಿ ಅಡುಗೆ ಸಿಗುತ್ತದೆ. ಮ್ಯಾಜಿಕ್‌ನಲ್ಲಿ ಮೊದಲ ರಾತ್ರಿಯೇ ಹೆಡ್ ಸರ್ವರ್‌ಗೆ, ಅಂದರೆ ಬಡಿಸುವವರ ಮುಖ್ಯಸ್ಥರಿಗೆ, ತಿಳಿಸಿದರೆ ಮರುದಿನದಿಂದ ಬೇಳೆ, ಪಲ್ಯ, ಅನ್ನ ಬೇರೆಯಾಗಿ ಮಾಡಿಸಿಕೊಡುತ್ತಾರೆ, ಖಾರವಿಲ್ಲದೆ ಮಗುವಿಗೆ ಬೇರೆ ಬಟ್ಟಲು ಕೇಳಿದರೂ ಕೊಡುತ್ತಾರೆ. ಅಲ್ಲಿ ಊಟದ ಕೋಣೆ ದಿನಕ್ಕೊಂದು ಬದಲಾದರೂ ಬಡಿಸುವವರು ನಮ್ಮೊಂದಿಗೇ ಬರುತ್ತಾರೆ. ಎರಡನೆಯ ರಾತ್ರಿಯ ಹೊತ್ತಿಗೆ ಮಗಳ ಮೊಸರನ್ನ ಕೇಳುವ ಮೊದಲೇ ಮೇಜಿನ ಮೇಲಿರುತ್ತಿತ್ತು. ಡಿಸ್ನಿಯ ಊಟದ ವೇಳೆ ಸಾಮಾನ್ಯವಾಗಿ 5:45 ಮತ್ತು 8:15. ಮಗುವಿದ್ದರೆ ಮೊದಲನೆಯದನ್ನೇ ಆರಿಸಬೇಕು. ರಾಯಲ್ ಕೆರಿಬಿಯನ್‌ನಲ್ಲಿ ನಮಗೆ ಬೇಕಾದ ಹೊತ್ತಿಗೆ ಹೋಗುವ ಅವಕಾಶವೂ ಇದೆ, ಇದು ಆ ಹಡಗಿನ ಪರವಾಗಿ ಹೇಳಬೇಕಾದ ದೊಡ್ಡ ಅನುಕೂಲ. ಕೋಣೆಗೆ ಊಟ ತರಿಸುವುದು ಡಿಸ್ನಿಯಲ್ಲಿ ಟಿಕೆಟ್ಟಿನಲ್ಲೇ ಸೇರಿದೆ. ರಾಯಲ್ ಕೆರಿಬಿಯನ್‌ನಲ್ಲಿ ಬೆಳಗಿನ ಸರಳ ಉಪಾಹಾರ ಬಿಟ್ಟರೆ ಉಳಿದದ್ದಕ್ಕೆ ಶುಲ್ಕವಿದೆ.

ಮನೆಯಲ್ಲಿ ಮಾಡಿದ ಅಡುಗೆಯನ್ನು ಹಡಗಿಗೆ ಒಯ್ಯುವಂತಿಲ್ಲ. ಎಲೆಕ್ಟ್ರಿಕ್ ಕೆಟಲ್‌ಗೂ ರೈಸ್ ಕುಕ್ಕರ್‌ಗೂ ಅವಕಾಶವಿಲ್ಲ. ರಾಗಿ ಸರಿಗೆ ಒಗ್ಗಿಕೊಂಡ ಮಕ್ಕಳಿಗೆ, ಬಿಸಿನೀರಿಗೆ ಕಲಸಿದರೆ ಸಾಕಾಗುವಂಥ ಅಂಗಡಿಯ ಮೊಹರು ಮಾಡಿದ ಪೊಟ್ಟಣವನ್ನು ಒಯ್ಯಬೇಕು; ಬಿಸಿನೀರು ಬಫೆಯಲ್ಲಿ ಸದಾ ಸಿಗುತ್ತದೆ. ಡೈಪರ್, ಹಾಲಿನ ಪುಡಿ, ಮಕ್ಕಳ ಜ್ವರದ ಔಷಧಿಗಳನ್ನು ಲೆಕ್ಕಕ್ಕಿಂತ ಹೆಚ್ಚಾಗಿಯೇ ತುಂಬಿಕೊಳ್ಳಬೇಕು, ಏಕೆಂದರೆ ಹಡಗಿನ ಅಂಗಡಿಯಲ್ಲಿ ಆಯ್ಕೆ ಕಡಿಮೆ, ಬೆಲೆ ಹೆಚ್ಚು. ಊಟಕ್ಕೆ ಮುಂಚೆ ಸ್ಯಾನಿಟೈಸರ್ ಹಚ್ಚಿದರೆ ಸಾಲದು. ಹಡಗುಗಳಲ್ಲಿ ಹರಡುವ, ವಾಂತಿಭೇದಿ ತರುವ ನೋರೋವೈರಸ್‌ಗೆ ಅದು ಅಷ್ಟಾಗಿ ನಾಟುವುದಿಲ್ಲ, ಸೋಪು ಹಾಕಿ ಕೈ ತೊಳೆಸಬೇಕು.

ಡಿಸ್ನಿ ಹಡಗು ಗ್ಯಾಲ್ವೆಸ್ಟನ್‌ಗೆ ಬರುವುದು ಮುಖ್ಯವಾಗಿ ಚಳಿಗಾಲದಲ್ಲಿ, ಮತ್ತು ಆ ಆಯ್ಕೆಯ ದೊಡ್ಡ ಮಿತಿ ಇದೇ. ಉತ್ತರದ ಶೀತಗಾಳಿ ಬೀಸಿದಾಗ ಮೆಕ್ಸಿಕೋ ಕೊಲ್ಲಿಯಲ್ಲಿ ಅಲೆಗಳೇಳುತ್ತವೆ, ಮೊದಲ ದಿನ ಡೆಕ್ಕಿನಲ್ಲಿ ನೀರಾಟ ಸಾಧ್ಯವಾಗದಷ್ಟು ಚಳಿಯಿರಬಹುದು. ದಟ್ಟ ಮಂಜಿನಿಂದ ಬಂದರಿನ ಸಂಚಾರ ನಿಂತು ಹಡಗು ತಡವಾಗುವುದೂ ಉಂಟು. ಎರಡು ವರ್ಷದೊಳಗಿನ ಮಕ್ಕಳಿಗೆ ಸಮುದ್ರದ ಹೊಯ್ದಾಟದಿಂದ ವಾಂತಿಯಾಗುವುದು ಅಪರೂಪ. ಎರಡು ದಾಟಿದ ಮೇಲೆ ಅದು ಹೆಚ್ಚುತ್ತದೆ. ಔಷಧಿಯ ವಿಚಾರವನ್ನು ಹೊರಡುವ ಮುಂಚೆಯೇ ಮಕ್ಕಳ ವೈದ್ಯರಲ್ಲಿ ಕೇಳಿಕೊಳ್ಳಬೇಕು, ದೊಡ್ಡವರ ಮಾತ್ರೆಯನ್ನು ಮುರಿದು ಕೊಡಬಾರದು. ಬೆಲೆಯಲ್ಲಿಯೂ ಡಿಸ್ನಿ ಅಷ್ಟೇ ರಾತ್ರಿಗಳಿಗೆ ಸಾಮಾನ್ಯವಾಗಿ ಸಾಕಷ್ಟು ದುಬಾರಿ. ಆದ್ದರಿಂದ ನಾಲ್ಕೈದು ರಾತ್ರಿಗಳ ಚಿಕ್ಕ ಪ್ರಯಾಣವನ್ನು ಅಲ್ಲಿ ಮಾಡಿ, ಏಳು ರಾತ್ರಿಗಳ ದೀರ್ಘ ಪ್ರಯಾಣವನ್ನು ಮಗು ಬೆಳೆದ ಮೇಲೆ ದೊಡ್ಡ ಹಡಗಿನಲ್ಲಿ ಮಾಡುವುದು ನಮಗೆ ಸರಿಯೆನಿಸಿದೆ.

ದಾರಿಯಲ್ಲಿ ಹಡಗು ನಿಲ್ಲುವ ಬಂದರುಗಳಲ್ಲಿ ಮೆಕ್ಸಿಕೋದ ಕೊಝುಮೆಲ್ ಮತ್ತು ಕೋಸ್ಟಾ ಮಾಯಾ ಮಗುವಿಗೆ ಅನುಕೂಲ, ಏಕೆಂದರೆ ಹಡಗು ನೇರವಾಗಿ ಕಟ್ಟೆಗೆ ನಿಲ್ಲುತ್ತದೆ, ಸ್ಟ್ರೋಲರ್ ತಳ್ಳಿಕೊಂಡು ಇಳಿಯಬಹುದು. ಗ್ರ್ಯಾಂಡ್ ಕೇಮನ್ ದ್ವೀಪದಲ್ಲಿ ಚಿಕ್ಕ ದೋಣಿಗೆ ದಾಟಿ ದಡ ಸೇರಬೇಕಾದ್ದರಿಂದ ಅಲ್ಲಿಗೆ ಎದೆಗೆ ಕಟ್ಟಿಕೊಳ್ಳುವ ಕ್ಯಾರಿಯರ್ ಬೇಕು.

ಕೊನೆಯದಾಗಿ ಕಾಗದಪತ್ರ. ಅಮೆರಿಕದಿಂದ ಹೊರಟು ಅದೇ ಬಂದರಿಗೆ ಮರಳುವ ಇಂಥ ಪ್ರಯಾಣಗಳಿಗೆ ಅಮೆರಿಕದಲ್ಲಿ ಹುಟ್ಟಿದ ಮಗುವಿನ ಜನನ ಪ್ರಮಾಣಪತ್ರ ಸಾಕು, ಆದರೂ ಪಾಸ್‌ಪೋರ್ಟ್ ಇರುವುದು ಕ್ಷೇಮ. ನಡುದಾರಿಯಲ್ಲಿ ಕಾಯಿಲೆಯಾಗಿ ವಿಮಾನದಲ್ಲಿ ಹಿಂತಿರುಗಬೇಕಾದರೆ ಪ್ರಮಾಣಪತ್ರ ನೆರವಿಗೆ ಬರುವುದಿಲ್ಲ. ಭಾರತೀಯ ಪಾಸ್‌ಪೋರ್ಟಿನ ಅಜ್ಜ ಅಜ್ಜಿಯರ ಬಳಿ ಹಲವು ಸಲ ಪ್ರವೇಶಿಸಲು ಅನುಮತಿಯಿರುವ, ಅವಧಿ ಮುಗಿಯದ ಅಮೆರಿಕದ ವೀಸಾ ಇರಲೇಬೇಕು. ಆ ವೀಸಾ ಇದ್ದವರಿಗೆ ಮೆಕ್ಸಿಕೋ ಪ್ರತ್ಯೇಕ ವೀಸಾ ಕೇಳುವುದಿಲ್ಲ. ಹಡಗು ಬೇರೆ ದೇಶಗಳಲ್ಲೂ ನಿಲ್ಲುವುದಾದರೆ ಒಂದೊಂದರ ನಿಯಮವನ್ನೂ ಹಣ ಕಟ್ಟುವ ಮೊದಲೇ ನೋಡಿಕೊಳ್ಳಬೇಕು.