ಮಣಿಕಟ್ಟು ಊರಲು ಬಿಡುವ ಟ್ಯಾಬ್ಲೆಟ್: ನಲಿ-ಕಲಿ ಕೊಠಡಿಯಲ್ಲಿ ಮೂರು ಬಗೆ ಬಳಸಿ ನೋಡಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ. ಒಂದನೇ, ಎರಡನೇ ತರಗತಿಯ ಮಕ್ಕಳಿಗೆ ಅಕ್ಷರ ತಿದ್ದಿಸಲು ಟ್ಯಾಬ್ಲೆಟ್ ಕೊಳ್ಳುವುದಾದರೆ, ಪೆನ್ನು ಜೊತೆಗೇ ಬರುವ, ಆ ಪೆನ್ನಿಗೆ ಚಾರ್ಜ್ ಬೇಡದ ಒಂದನ್ನು ಕೊಳ್ಳಿ. ನಾಲ್ಕು ಅಗ್ಗದವುಗಳ ಬದಲು ಅಂಥದ್ದು ಒಂದೇ ಇದ್ದರೂ ಸಾಕು. ನನ್ನ ಕೊಠಡಿಯಲ್ಲಿ ಈಗ ದಿನವೂ ಕೆಲಸ ಮಾಡುತ್ತಿರುವುದು ಸ್ಯಾಮ್‌ಸಂಗ್ ಗ್ಯಾಲಕ್ಸಿ ಟ್ಯಾಬ್ ಎಸ್6 ಲೈಟ್. ಅದನ್ನು ತರುವ ಮೊದಲು ₹18,000 ಖರ್ಚು ಮಾಡಿ ನಾಲ್ಕು ಸಣ್ಣ ಟ್ಯಾಬ್ಲೆಟ್ ತಂದಿದ್ದೆ. ನಡುವೆ ಒಂದು ತಿಂಗಳು ಅಕ್ಕನ ಮಗನಿಂದ ಹಳೆಯ ಐಪ್ಯಾಡ್ ಎರವಲು ತಂದು ಬಳಸಿದೆ. ಮೂರನ್ನೂ ಅದೇ ಮಕ್ಕಳ ಕೈಗೆ ಕೊಟ್ಟು ನೋಡಿದ್ದರಿಂದ ಈ ಹೋಲಿಕೆ ಬರೆಯುವ ಧೈರ್ಯ ಬಂದಿದೆ.

ನಮ್ಮ ಶಾಲೆ ಪೀಣ್ಯ ಕೈಗಾರಿಕಾ ಪ್ರದೇಶದ ಅಂಚಿನಲ್ಲಿದೆ. ಮಕ್ಕಳ ತಂದೆ-ತಾಯಂದಿರು ಗಾರ್ಮೆಂಟ್ಸ್‌ಗೆ ಹೋಗುವವರು, ಲೇತ್ ನಡೆಸುವವರು, ರಾಯಚೂರು, ಯಾದಗಿರಿ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದವರು. ಒಂದರಿಂದ ಮೂರನೇ ತರಗತಿಯವರೆಗಿನ 28 ಮಕ್ಕಳು ನನ್ನ ನಲಿ-ಕಲಿ ಕೊಠಡಿಯಲ್ಲಿ ಒಟ್ಟಿಗೆ ಕೂರುತ್ತಾರೆ. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾದ ಈ ಪದ್ಧತಿಯಲ್ಲಿ ಪ್ರತಿ ಮಗುವೂ ಕಲಿಕಾ ಏಣಿಯ ತನ್ನದೇ ಮೆಟ್ಟಿಲಲ್ಲಿ ಇರುತ್ತದೆ. ಒಬ್ಬಳು ‘ಗ’ ತಿದ್ದುತ್ತಿದ್ದರೆ ಪಕ್ಕದವನು ಒತ್ತಕ್ಷರಕ್ಕೆ ಬಂದಿರುತ್ತಾನೆ. ಇಂಥ ಕಡೆ ಎಲ್ಲರನ್ನೂ ಸಾಲಾಗಿ ಕೂರಿಸಿ ಒಂದೇ ವಿಡಿಯೊ ತೋರಿಸಿದರೆ ಪದ್ಧತಿಯೇ ಕೆಡುತ್ತದೆ. ನನಗೆ ಬೇಕಾಗಿದ್ದದ್ದು ಒಂದು ತಟ್ಟೆಯಲ್ಲಿ (ನಲಿ-ಕಲಿಯಲ್ಲಿ ಒಟ್ಟಿಗೆ ಕೂರುವ ಗುಂಪಿಗೆ ಹೇಳುವ ಹೆಸರು) ಕುಳಿತ ನಾಲ್ಕೈದು ಮಕ್ಕಳ ನಡುವೆ ಸುತ್ತು ಬರುವ, ಬರೆದು ಅಳಿಸಬಹುದಾದ ಸ್ಲೇಟು.

ಅದನ್ನು ಅರಿಯುವ ಮೊದಲೇ ಕೊಂಡದ್ದು ತಪ್ಪಾಯಿತು. ಒಂದು ಶನಿವಾರ ಮಧ್ಯಾಹ್ನ ಪೀಣ್ಯದಲ್ಲಿ ಮೆಟ್ರೊ ಹತ್ತಿ ಚಿಕ್ಕಪೇಟೆಯಲ್ಲಿ ಇಳಿದು, ಎಲೆಕ್ಟ್ರಾನಿಕ್ ಸಾಮಾನಿನ ಅಂಗಡಿಗಳಿರುವ ಎಸ್.ಪಿ. ರಸ್ತೆಗೆ ನಡೆದೆ. ಮೂರು ಅಂಗಡಿ ತಿರುಗಿ, ಏಳು ಇಂಚಿನವು ನಾಲ್ಕನ್ನು ತಲಾ ₹4,500ಕ್ಕೆ ತಂದೆ. ಅರ್ಧ ಹಣ ನನ್ನದು, ಇನ್ನರ್ಧ ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಸದಸ್ಯರೊಬ್ಬರು ಕೊಟ್ಟದ್ದು. ನಾಲ್ಕು ಇದ್ದರೆ ನಾಲ್ಕು ಮಕ್ಕಳು ಒಟ್ಟಿಗೆ ಕಲಿಯುತ್ತಾರೆ ಎಂಬುದಷ್ಟೇ ಆಗ ನನ್ನ ಲೆಕ್ಕ. ಅಂಗಡಿಯಲ್ಲಿ ನಾನು ಬೆರಳಿನಿಂದ ಎರಡು ಗೆರೆ ಎಳೆದು ನೋಡಿದ್ದೆ. ಚೆನ್ನಾಗಿಯೇ ಬಂದಿತ್ತು.

ಸೋಮವಾರ ಬೆಳಿಗ್ಗೆ ಮೊದಲ ತಟ್ಟೆಯ ಮಕ್ಕಳಿಗೆ ಕೊಟ್ಟೆ. ಅಕ್ಷರ ತಿದ್ದುವ ಒಂದು ಆ್ಯಪ್ ಹಾಕಿಟ್ಟಿದ್ದೆ. ಚುಕ್ಕೆಗಳ ಮೇಲೆ ಗೆರೆ ಎಳೆದರೆ ಅಕ್ಷರಕ್ಕೆ ಬಣ್ಣ ತುಂಬುತ್ತದೆ, ಗೆರೆ ಆಚೀಚೆ ಹೋದರೆ ಗೊರ್ರೆಂದು ಸದ್ದಾಗಿ ಎಲ್ಲವೂ ಅಳಿಸಿಹೋಗುತ್ತದೆ. ಒಂದನೇ ತರಗತಿಯ ಹುಡುಗಿಯೊಬ್ಬಳು ಚಾಪೆಯ ಮೇಲೆ ಕುಳಿತು, ಸ್ಲೇಟಿನ ಮೇಲೆ ಊರುವ ಹಾಗೆಯೇ ಪರದೆಯ ಮೇಲೆ ಮಣಿಕಟ್ಟನ್ನು ಊರಿ, ತೋರುಬೆರಳಿನಿಂದ ‘ಗ’ ಶುರು ಮಾಡಿದಳು. ಅರ್ಧ ಸುತ್ತು ಬರುವಷ್ಟರಲ್ಲಿ ಕೆಳಗಿನ ಮೂಲೆಯಿಂದ ಒಂದು ಗೀಟು ಚಿಮ್ಮಿ ಅಕ್ಷರದ ಹೊಟ್ಟೆಯನ್ನು ಸೀಳಿಕೊಂಡು ಹೋಯಿತು. ಗೊರ್ರೆಂದಿತು. ಮತ್ತೆ ಬರೆದಳು, ಮತ್ತೆ ಅದೇ. ನಾಲ್ಕನೇ ಸಲಕ್ಕೆ ನನ್ನ ಕಡೆ ತಿರುಗಿ, “ಮಿಸ್, ನಾನು ಸರಿಯಾಗಿಯೇ ಬರೆಯುತ್ತಿದ್ದೇನೆ. ಅದೇ ಗೀಟು ಎಳೆಯುತ್ತಿದೆ” ಎಂದಳು. ಅವಳ ಕಣ್ಣಲ್ಲಿ ನೀರಿತ್ತು.

ಅವಳು ಹೇಳಿದ್ದೇ ನಿಜ. ಇಂಥ ಪರದೆಗೆ ತಿಳಿಯುವುದು ಚರ್ಮದ, ಇಲ್ಲವೇ ಚರ್ಮದಂತೆ ವಿದ್ಯುತ್ ಹರಿಯಬಿಡುವ ವಸ್ತುವಿನ ಸ್ಪರ್ಶ ಮಾತ್ರ. ಬೆರಳ ತುದಿಯೂ ಚರ್ಮ, ಮಣಿಕಟ್ಟೂ ಚರ್ಮ. ಎರಡೂ ಒಟ್ಟಿಗೆ ತಾಗಿದಾಗ ಬರೆಯುತ್ತಿರುವುದು ಯಾವುದು, ಊರಿಕೊಂಡದ್ದು ಯಾವುದು ಎಂದು ಅದು ಬೇರ್ಪಡಿಸಲಾರದು. ದೊಡ್ಡವರಾದ ನಾವು ಮೊಬೈಲ್ ಬಳಸಿ ಬಳಸಿ ಕೈ ಎತ್ತಿಯೇ ಬೆರಳಾಡಿಸುವುದನ್ನು ರೂಢಿ ಮಾಡಿಕೊಂಡಿದ್ದೇವೆ. ಅಂಗಡಿಯಲ್ಲಿ ನನಗೆ ದೋಷ ಕಾಣದೆ ಹೋದದ್ದು ಅದಕ್ಕೇ. ಆರು ವರ್ಷದ ಮಗುವಿಗೆ ಮಣಿಕಟ್ಟೇ ಆಧಾರ. ಅದು ಊರಿದರೆ ತಾನೆ ಬೆರಳು ನಿಲ್ಲುವುದು?

ಉಪಾಯಗಳನ್ನೆಲ್ಲ ಮಾಡಿ ನೋಡಿದೆ. ರಬ್ಬರ್ ತುದಿಯ ಅಗ್ಗದ ಪೆನ್ನು ತಂದೆ. ಪರದೆಯ ಪಾಲಿಗೆ ಅದು ಇನ್ನೊಂದು ಬೆರಳಷ್ಟೇ, ಹಾಗಾಗಿ ಮಣಿಕಟ್ಟಿನ ಗೀಟು ನಿಲ್ಲಲಿಲ್ಲ. ಹಳೆಯ ಕಾಲುಚೀಲ ಕತ್ತರಿಸಿ ಕೈಗೆ ತೊಡಿಸಿದೆ. ಬಟ್ಟೆ ದಪ್ಪವಿದ್ದರೆ ಗೀಟು ಬರುವುದಿಲ್ಲ ನಿಜ, ಆದರೆ ಮಕ್ಕಳ ಕೈ ಬೆವರುತ್ತದೆ, ಚೀಲ ಜಾರುತ್ತದೆ, ಅದನ್ನು ಸರಿಪಡಿಸುವುದರಲ್ಲೇ ಅವಧಿ ಮುಗಿಯುತ್ತದೆ. ಕೊನೆಗೆ “ಕೈ ಎತ್ತಿ ಬರೆಯಿರಿ” ಎಂದು ಹೇಳಿಕೊಟ್ಟೆ. ಈ ಹೋಲಿಕೆಯಲ್ಲಿ ನನ್ನನ್ನು ಹೆಚ್ಚು ಕಾಡುವುದು ಆ ಮಾತು. ಎರಡು ವಾರದಲ್ಲಿ ಮಕ್ಕಳು ಕೈ ಎತ್ತಿ ಬರೆಯುವುದನ್ನು ಕಲಿತೇಬಿಟ್ಟರು. ಐದು ನಿಮಿಷಕ್ಕೆ ತೋಳು ನೋಯುತ್ತದೆ ಎಂದು ಎಡಗೈಯಿಂದ ಬಲ ಮೊಣಕೈಯನ್ನು ಹಿಡಿದುಕೊಳ್ಳುತ್ತಿದ್ದರು. ಆ ಹುಡುಗಿಯ ನೋಟ್‌ಬುಕ್ ತೆರೆದು ನೋಡಿದರೆ ಅಲ್ಲಿಯೂ ಅಕ್ಷರಗಳು ನಡುಗುತ್ತಿದ್ದವು. ಪೆನ್ಸಿಲ್ ಹಿಡಿದಾಗಲೂ ಮಣಿಕಟ್ಟನ್ನು ಕಾಗದದಿಂದ ಎತ್ತಿಯೇ ಬರೆಯುತ್ತಿದ್ದಳು. ಅಂಗನವಾಡಿಯಿಂದ ಸ್ಲೇಟಿನ ಮೇಲೆ ಪಳಗಿದ್ದ ಕೈಯನ್ನು ನಾನೇ ಕೆಡಿಸಿದ್ದೆ. ಅವತ್ತೇ ನಾಲ್ಕನ್ನೂ ಬೀರುವಿನಲ್ಲಿಟ್ಟು ಬೀಗ ಹಾಕಿದೆ.

ಉಳಿದ ಕೊರತೆಗಳು ಇದರ ಮುಂದೆ ಸಣ್ಣವು. ನಮ್ಮ ಕೊಠಡಿಗೆ ಇರುವುದು ಒಂದೇ ಪ್ಲಗ್, ನಾಲ್ಕಕ್ಕೂ ಸರದಿಯಲ್ಲಿ ಚಾರ್ಜ್ ಮಾಡಬೇಕು. ಧ್ವನಿ ಸಣ್ಣದು.

ಐಪ್ಯಾಡ್ 2018ರದು, ಆರನೆಯ ತಲೆಮಾರಿನದು. ಆ್ಯಪಲ್ ಪೆನ್ಸಿಲ್ ಎಂಬ ಎಲೆಕ್ಟ್ರಾನಿಕ್ ಪೆನ್ನನ್ನು ಒಪ್ಪುವ ಸಾಮಾನ್ಯ ದರ್ಜೆಯ ಐಪ್ಯಾಡ್‌ಗಳಲ್ಲಿ ಅದೇ ಮೊದಲನೆಯದು. ಪೆನ್ಸಿಲ್ ಕೊಟ್ಟ ದಿನ ಮಕ್ಕಳು ಇಡೀ ಅಂಗೈಯನ್ನು ಪರದೆಯ ಮೇಲೆ ಒತ್ತಿ ಬರೆದರು. ಒಂದೇ ಒಂದು ಗೀಟು ತಪ್ಪಲಿಲ್ಲ. ಮೂರರಲ್ಲಿ ಗೆರೆ ಅತ್ಯಂತ ನಯವಾಗಿ ಬರುವುದು ಇದರಲ್ಲೇ, ಅದನ್ನು ಒಪ್ಪಬೇಕು. ಗುಂಡಿಯನ್ನು ಮೂರು ಸಲ ಒತ್ತಿ ಮಗುವನ್ನು ಒಂದೇ ಆ್ಯಪ್‌ನಲ್ಲಿ ಉಳಿಸುವ ಏರ್ಪಾಡೂ ಬಹಳ ಅನುಕೂಲ.

ಆದರೂ ನನಗೆ ಹೊಂದಲಿಲ್ಲ. ಆ ಮೊದಲ ಪೆನ್ಸಿಲ್‌ಗೆ ಚಾರ್ಜ್ ಬೇಕು. ಹಿಂಬದಿಯ ಮುಚ್ಚಳ ತೆಗೆದು ಐಪ್ಯಾಡ್‌ನ ಚಾರ್ಜಿಂಗ್ ರಂಧ್ರಕ್ಕೇ ಸಿಕ್ಕಿಸಬೇಕು, ಆಗ ಅದು ಕಡ್ಡಿಯಂತೆ ಹೊರಗೆ ಚಾಚಿಕೊಂಡಿರುತ್ತದೆ. ಚಾಪೆಯ ಮೇಲೆ ಓಡಾಡುವ ಮಕ್ಕಳ ನಡುವೆ ಹಾಗೆ ಇಡಲು ನನಗೆ ಮನಸ್ಸಾಗಲಿಲ್ಲ. ಮುಚ್ಚಳವೋ ಕಡಲೆಬೀಜದಷ್ಟು, ಸಣ್ಣ ಮಕ್ಕಳು ಬಾಯಿಗೆ ಹಾಕಿಕೊಂಡರೆ ಎಂಬ ಭಯ ಬೇರೆ. ನಾನು ಬೆಳಿಗ್ಗೆ ಏಳೂವರೆಗೆ ಮನೆ ಬಿಡುವವಳು. ಹಾಲು, ತಿಂಡಿ, ಮಗಳ ಡಬ್ಬಿ, ಪಾಠ ಟಿಪ್ಪಣಿ ಇವುಗಳ ನಡುವೆ ರಾತ್ರಿ ಪೆನ್ಸಿಲ್ ಚಾರ್ಜ್ ಮಾಡುವುದು ವಾರಕ್ಕೆ ಎರಡು ದಿನವಾದರೂ ಮರೆಯುತ್ತಿತ್ತು. ಪೆನ್ಸಿಲ್ ಇಲ್ಲದ ದಿನ ಅದೂ ಬೆರಳಾಡಿಸುವ ಪರದೆಯೇ. ಜೊತೆಗೆ ಪೆನ್ಸಿಲ್ಲನ್ನು ಬೇರೆಯಾಗಿ ಕೊಳ್ಳಬೇಕು. ಸಂಸಾರದ ಲೆಕ್ಕದಲ್ಲಿ ಅದು ನನಗೆ ನಿಲುಕಲಿಲ್ಲ. ತಿಂಗಳು ಮುಗಿದ ಮೇಲೆ ಜೋಪಾನವಾಗಿ ಹಿಂದಿರುಗಿಸಿದೆ. ಚಾರ್ಜ್ ಮಾಡುವುದನ್ನು ಮರೆಯದ ಶಿಕ್ಷಕರಿಗೆ, ಮನೆಯಲ್ಲಿ ಹಳೆಯ ಐಪ್ಯಾಡ್ ಇರುವವರಿಗೆ, ಅದು ಖಂಡಿತ ಒಳ್ಳೆಯದು.

ಎಸ್6 ಲೈಟ್ ಮಾರುಕಟ್ಟೆಗೆ ಬಂದದ್ದು 2020ರಲ್ಲಿ. ದಸರಾ ರಿಯಾಯಿತಿಯಲ್ಲಿ ನನಗೆ ₹22,500ಕ್ಕೆ ಸಿಕ್ಕಿತು. ಪೆನ್ನು ಪೆಟ್ಟಿಗೆಯಲ್ಲೇ ಇರುತ್ತದೆ. ಆ ಪೆನ್ನಿನೊಳಗೆ ಬ್ಯಾಟರಿ ಇಲ್ಲ. ಪರದೆಯ ಕೆಳಗಿನ ಪದರವೊಂದು ಕಾಂತಕ್ಷೇತ್ರ ಹೊಮ್ಮಿಸುತ್ತದೆ, ಪೆನ್ನಿನೊಳಗಿನ ತಂತಿಯ ಸುರುಳಿ ಅದರಿಂದಲೇ ಶಕ್ತಿ ಪಡೆದು ತಾನಿರುವ ಜಾಗವನ್ನು ತಿಳಿಸುತ್ತದೆ. ಪೆನ್ನು ಎಲ್ಲಿದೆ, ಚರ್ಮ ಎಲ್ಲಿದೆ ಎಂಬುದು ಹೀಗೆ ಬೇರೆ ಬೇರೆಯಾಗಿಯೇ ತಿಳಿಯುವುದರಿಂದ ಮಣಿಕಟ್ಟಿನ ಗೊಂದಲ ಹುಟ್ಟುವುದಿಲ್ಲ. ಪೆನ್ನಿನ ಒಂದು ಮಗ್ಗುಲು ಚಪ್ಪಟೆ, ಟ್ಯಾಬ್ಲೆಟ್ಟಿನ ಅಂಚಿಗೆ ಅಯಸ್ಕಾಂತದಂತೆ ಅಂಟಿಕೊಳ್ಳುತ್ತದೆ. ಆ ಚಪ್ಪಟೆ ಮಗ್ಗುಲಿಗೆ ಹೆಬ್ಬೆರಳು ಇಡುವುದನ್ನು ಮಕ್ಕಳು ತಾವಾಗಿಯೇ ಕಂಡುಕೊಂಡರು.

ಇಲ್ಲಿಯೂ ಒಂದು ಎಚ್ಚರ ಬೇಕು. ಮಕ್ಕಳು ಮೊದಲು ಮಣಿಕಟ್ಟು ಊರಿ, ಆಮೇಲೆ ನಿಧಾನವಾಗಿ ಪೆನ್ನಿನ ತುದಿ ತರುತ್ತಾರೆ. ಪೆನ್ನು ಪರದೆಯ ಹತ್ತಿರ ಬರುವ ಮೊದಲೇ ಕೈ ತಾಗುವುದರಿಂದ ಮೊದಲ ದಿನ ಒಂದೆರಡು ಗೀಟು ಬಂದವು. ಸ್ಯಾಮ್‌ಸಂಗ್ ನೋಟ್ಸ್ ಎಂಬ ಬರೆಯುವ ಆ್ಯಪ್‌ನಲ್ಲಿ ಬೆರಳಿನಿಂದ ಬರೆಯುವುದನ್ನು ನಿಲ್ಲಿಸಿ, ಪೆನ್ನಿನಿಂದ ಮಾತ್ರ ಗೆರೆ ಮೂಡುವಂತೆ ಮಾಡಿದ ಮೇಲೆ ಆ ತೊಂದರೆ ತೀರಿತು. ಇದನ್ನು ಕಂಡುಕೊಳ್ಳಲು ನನಗೆ ಮೂರು ದಿನ ಬೇಕಾಯಿತು. ಹೊಸದಾಗಿ ಕೊಳ್ಳುವವರು ಪೆಟ್ಟಿಗೆ ತೆರೆದ ದಿನವೇ ಮಾಡಿಕೊಳ್ಳಿ.

ನೋಟ್ಸ್‌ನಲ್ಲಿ ತಿದ್ದಿಸಲು ತೊಡಗಿದ್ದರಿಂದ ನಾನು ನಿರೀಕ್ಷಿಸದ ಇನ್ನೊಂದು ಲಾಭವಾಯಿತು. ನಾನು ಬಳಸಿದ ಅಕ್ಷರದ ಆ್ಯಪ್ ‘ಅ, ಆ, ಇ, ಈ’ ಎಂದು ವರ್ಣಮಾಲೆಯ ಸಾಲು ಹಿಡಿದೇ ಹೋಗುತ್ತಿತ್ತು. ನಲಿ-ಕಲಿಯಲ್ಲಿ ನಾವು ಶುರು ಮಾಡುವುದು ‘ರ, ಗ, ಸ, ದ, ಅ’ ಇಂದ. ಐದೇ ಅಕ್ಷರ ಬಂದರೆ ಮಗು ಸರ, ಅರಸ, ಗರಗಸ ಎಂದು ಓದಲು, ಬರೆಯಲು ತೊಡಗುತ್ತದೆ. ಆ ಖುಷಿಯೇ ಮುಂದಿನ ಮೆಟ್ಟಿಲಿಗೆ ಏರಿಸುವುದು. ಈಗ ನಾನೇ ಚುಕ್ಕೆ ಅಕ್ಷರಗಳನ್ನು ಕಾಗದದಲ್ಲಿ ಬರೆದು, ಫೋಟೊ ತೆಗೆದು, ನಮ್ಮ ಕ್ರಮದಲ್ಲೇ ಪುಟ ಮಾಡಿ ಇಟ್ಟಿದ್ದೇನೆ. ಮಗು ಅದರ ಮೇಲೆ ತಿದ್ದುತ್ತದೆ. ತಪ್ಪಿದರೆ ಗೊರ್ರೆನ್ನುವ ಸದ್ದಿಲ್ಲ, ನಾನು ಪಕ್ಕದಲ್ಲಿ ಕುಳಿತು ತೋರಿಸಿಕೊಡುತ್ತೇನೆ. ಸಂಜೆ ಆ ಪುಟಗಳನ್ನು ತಿರುವಿದರೆ ಯಾರು ‘ಸ’ದಲ್ಲಿ ತಲೆಕಟ್ಟು ಮರೆಯುತ್ತಿದ್ದಾರೆ, ಯಾರು ‘ದ’ವನ್ನು ತಿರುಗಿಸಿ ಬರೆಯುತ್ತಿದ್ದಾರೆ ಎಂಬುದು ತಿಳಿಯುತ್ತದೆ. ಸ್ಲೇಟಿನಲ್ಲಿ ಬರೆದದ್ದು ಸಂಜೆಗೆ ಉಳಿಯುತ್ತಿರಲಿಲ್ಲ.

ಓದಿಗೂ ಪರದೆಯ ಅಳತೆ ಮುಖ್ಯವಾಯಿತು. ಬೆಂಗಳೂರಿನದೇ ಆದ ಪ್ರಥಮ್ ಬುಕ್ಸ್‌ನವರು 2015ರಲ್ಲಿ ಆರಂಭಿಸಿದ ಸ್ಟೋರಿವೀವರ್‌ನಲ್ಲಿ ಕನ್ನಡದ ಚಿತ್ರಕಥೆಗಳು ಉಚಿತವಾಗಿ ಸಿಗುತ್ತವೆ. ಮನೆಯಲ್ಲೇ ಇಳಿಸಿಕೊಂಡು ಬಂದರೆ ಶಾಲೆಯಲ್ಲಿ ಇಂಟರ್‌ನೆಟ್ ಬೇಕಿಲ್ಲ. ಏಳು ಇಂಚಿನಲ್ಲಿ ಅದೇ ಪುಟ ತೆರೆದರೆ ‘ಕ್ಕ’, ‘ಕ್ತ’ ಎರಡೂ ಒಂದೇ ಥರ ಕಾಣುತ್ತಿದ್ದವು, ಒತ್ತಕ್ಷರ ಅಷ್ಟು ಸಣ್ಣದು. ಎಸ್6 ಲೈಟ್‌ನ 10.4 ಇಂಚಿನಲ್ಲಿ ನಾಲ್ಕು ಮಕ್ಕಳು ಸುತ್ತ ಕುಳಿತು ಬೆರಳಿಟ್ಟು ಓದುತ್ತಾರೆ.

ಭಾರ? ಮಕ್ಕಳು ಎತ್ತಿಕೊಂಡು ಓಡಾಡಲಾರರು. ಚಾಪೆಯ ಮೇಲೆಯೇ ಇರುತ್ತದೆ, ಅದೇ ಒಳ್ಳೆಯದು. ಕವರನ್ನು ನಮ್ಮ ಬೀದಿಯ ಬ್ಯಾಗ್ ಹೊಲಿಯುವವರು ದಪ್ಪ ರೆಕ್ಸಿನ್‌ನಲ್ಲಿ ₹250ಕ್ಕೆ ಹೊಲಿದುಕೊಟ್ಟರು, ಪೆನ್ನಿಗೊಂದು ಜೇಬು ಸಹಿತ.

ಹಣದ ಮಾತಿಗೆ ಬಂದರೆ, ನಾಲ್ಕಕ್ಕೆ ₹18,000, ಒಂದಕ್ಕೆ ₹22,500. “ಇಪ್ಪತ್ತೆಂಟು ಮಕ್ಕಳಿಗೆ ಒಂದೇ ಸಾಕೇ?” ಎಂದು ಮುಖ್ಯ ಶಿಕ್ಷಕಿಯವರೂ ಕೇಳಿದರು. ನನ್ನ ಪದ್ಧತಿಗೆ ಸಾಕು. ಅದು ಇರುವುದು ನಾನು ಜೊತೆಗೆ ಕೂರುವ ಮೊದಲ ತಟ್ಟೆಯಲ್ಲಿ ಮಾತ್ರ. ಒಬ್ಬೊಬ್ಬರಿಗೆ ಹತ್ತು ನಿಮಿಷ. ಉಳಿದವರು ಕಾರ್ಡು, ಕಡ್ಡಿ, ಗೋಡೆಯ ಕಪ್ಪುಹಲಗೆಗಳಲ್ಲಿ ತಮ್ಮ ಕೆಲಸದಲ್ಲಿರುತ್ತಾರೆ. ನಾಲ್ಕು ಟ್ಯಾಬ್ಲೆಟ್ ಒಟ್ಟಿಗೆ ಹೊರಬಂದ ದಿನಗಳಲ್ಲಿ ನಾಲ್ಕು ಕಡೆ ಓಡುವುದೇ ನನ್ನ ಕೆಲಸವಾಗಿತ್ತು, ಯಾವ ಮಗುವಿನ ಕೈಯನ್ನೂ ಸರಿಯಾಗಿ ನೋಡಲು ಆಗುತ್ತಿರಲಿಲ್ಲ. ಎಲ್ಲ ಮಕ್ಕಳೂ ಒಂದೇ ತರಗತಿಯವರಾಗಿ, ಎಣಿಕೆ, ಬಣ್ಣ, ಆಕಾರಗಳ ಆಟ ಆಡಿಸುವುದಷ್ಟೇ ನಿಮ್ಮ ಉದ್ದೇಶವಾದರೆ ಅಗ್ಗದ್ದು ನಾಲ್ಕು ತರುವುದರಲ್ಲಿ ತಪ್ಪಿಲ್ಲ. ಅಕ್ಷರ ತಿದ್ದಿಸಲು ಮಾತ್ರ ತರಬೇಡಿ.

ಬೀರುವಿನಲ್ಲಿದ್ದ ಆ ನಾಲ್ಕನ್ನು ಈ ಜೂನ್‌ನಲ್ಲಿ ಮತ್ತೆ ಹೊರತೆಗೆದಿದ್ದೇನೆ. ಎರಡರಲ್ಲಿ ಜಿಕಾಂಪ್ರಿಸ್ ಎಂಬ ಉಚಿತ ತಂತ್ರಾಂಶ ಹಾಕಿದ್ದೇನೆ. ಅದರ ಎಣಿಕೆಯ, ಜೋಡಿಸುವ ಆಟಗಳಿಗೆ ಒಂದು ಬೆರಳು ತಾಗಿಸಿದರೆ ಸಾಕು. ಮೂರನೆಯದರಲ್ಲಿ ನನ್ನದೇ ಧ್ವನಿಯಲ್ಲಿ ಶಿಶುಗೀತೆಗಳನ್ನು ತುಂಬಿಟ್ಟಿದ್ದೇನೆ. ನಾಲ್ಕನೆಯದನ್ನು ಮೂರನೇ ತರಗತಿಯವರು ಕ್ಯಾಮೆರಾ ಮಾಡಿಕೊಂಡಿದ್ದಾರೆ. ಕೊಠಡಿಯಲ್ಲಿ ತಲೆಯ ಮೇಲೆ ದಾರ ಕಟ್ಟಿ ಮಾಡಿದ ಕಲಿಕಾ ಚಪ್ಪರಕ್ಕೆ ತೂಗುಹಾಕಿದ ತಮ್ಮ ಚಿತ್ರಗಳ ಫೋಟೊ ತೆಗೆದು, ಶನಿವಾರ ಕರೆದುಕೊಂಡು ಹೋಗಲು ಬಂದ ಅಮ್ಮಂದಿರಿಗೆ ಬಾಗಿಲಲ್ಲೇ ನಿಲ್ಲಿಸಿ ತೋರಿಸುತ್ತಾರೆ.