ಬೌಲ್ಡರ್ ಡ್ಯಾಶ್: ಹನ್ನೆರಡು ವರ್ಷ ಆಡಿದ ಮೇಲೆ

‘ಬೌಲ್ಡರ್ ಡ್ಯಾಶ್’ ಆಟವನ್ನು ಕೆನಡಾದ ಪೀಟರ್ ಲೀಪಾ ಮತ್ತು ಕ್ರಿಸ್ ಗ್ರೇ ರೂಪಿಸಿದರು. 1984ರಲ್ಲಿ ಫಸ್ಟ್ ಸ್ಟಾರ್ ಸಾಫ್ಟ್‌ವೇರ್ ಸಂಸ್ಥೆಯು ಅಟಾರಿಯ 8-ಬಿಟ್ ಗೃಹ ಕಂಪ್ಯೂಟರುಗಳಿಗಾಗಿ ಅದನ್ನು ಹೊರತಂದಿತು. ನಾನು ಹನ್ನೆರಡು ವರ್ಷಗಳಿಂದ ಆಡುತ್ತಿರುವುದು ಹೆಚ್ಚಾಗಿ ಇದರ ಕಮೊಡೋರ್ 64 ಎಂಬ ಗೃಹ ಕಂಪ್ಯೂಟರಿನ ಆವೃತ್ತಿಯನ್ನು, ಅದೂ ಲ್ಯಾಪ್‌ಟಾಪಿನ ಎಮ್ಯುಲೇಟರ್‌ನಲ್ಲಿ, ಅಂದರೆ ಹಳೆಯ ಕಂಪ್ಯೂಟರನ್ನು ಅನುಕರಿಸುವ ತಂತ್ರಾಂಶದಲ್ಲಿ. ಇಷ್ಟು ಕಾಲದ ನಂತರವೂ ವಾರಕ್ಕೆರಡು ಸಂಜೆ ಇದರ ಮುಂದೆ ಕೂರುತ್ತೇನೆಂದರೆ ಅದಕ್ಕೆ ಹಳೆಯ ಕಾಲದ ಮೇಲಿನ ಮೋಹ ಕಾರಣವಲ್ಲ. ಇದರ ಬಂಡೆಗಳು ಎಂದೂ ಮಾತು ತಪ್ಪುವುದಿಲ್ಲ, ಅದೇ ಕಾರಣ.

ರಾಕ್‌ಫೋರ್ಡ್ ಎಂಬ ಪುಟ್ಟ ಜೀವಿ ಮಣ್ಣು ಅಗೆಯುತ್ತ, ಬೇಕಾದಷ್ಟು ವಜ್ರಗಳನ್ನು ಆಯ್ದುಕೊಂಡು, ಸಮಯ ಮುಗಿಯುವುದರೊಳಗೆ ಗುಹೆಯ ಬಾಗಿಲು ಸೇರಬೇಕು. ಮೊದಲ ಗುಹೆಯಲ್ಲಿ ಬೇಕಾಗುವುದು 12 ವಜ್ರಗಳು, ಇರುವ ಸಮಯ 150 ಸೆಕೆಂಡು. ಕೆಳಗೆ ಆಧಾರವಿಲ್ಲದ ಬಂಡೆ ಬೀಳುತ್ತದೆ. ಇನ್ನೊಂದು ಬಂಡೆಯ ಮೇಲೆ ನಿಂತ ಬಂಡೆಯು ಪಕ್ಕದಲ್ಲಿ ಜಾಗವಿದ್ದರೆ ಉರುಳುತ್ತದೆ. ತಲೆಯ ಮೇಲೆ ಸುಮ್ಮನೆ ಕೂತಿರುವ ಬಂಡೆಯಿಂದ ರಾಕ್‌ಫೋರ್ಡ್‌ಗೆ ಅಪಾಯವಿಲ್ಲ, ಆದರೆ ಅವನು ಒಂದು ಮನೆ ಕೆಳಗಿಳಿದು ನಿಂತನೆಂದರೆ ಅದೇ ಬಂಡೆ ಬೆನ್ನಟ್ಟಿ ಬಂದು ಕೊಲ್ಲುತ್ತದೆ. ಇಳಿದವನು ಒಡನೆಯೇ ಪಕ್ಕಕ್ಕೆ ಸರಿದರೆ ಬದುಕಿದ. ಈ ಒಂದು ಚಲನೆ ಕೈಗೆ ಹತ್ತಲು ನನಗೆ ಎರಡು ವಾರ ಬೇಕಾಯಿತು. ಅಂದಿನಿಂದ ಒಂದೊಂದು ಸಾವಿನಲ್ಲೂ ತಪ್ಪು ಎಲ್ಲಾಯಿತೆಂದು ಬೆರಳಿಟ್ಟು ತೋರಿಸಬಲ್ಲೆ.

ಗುಹೆಯಲ್ಲಿ ಸುತ್ತಾಡುವ ಶತ್ರುಗಳಾದ ಮಿಂಚುಹುಳು ಮತ್ತು ಚಿಟ್ಟೆಗಳ ವಿಷಯದಲ್ಲಿ ಈ ನಿಯಮಬದ್ಧತೆ ಇನ್ನಷ್ಟು ಸೊಗಸಾಗಿದೆ. ಎಡಕ್ಕೆ ದಾರಿ ಸಿಕ್ಕಲ್ಲೆಲ್ಲ ಮಿಂಚುಹುಳು ಎಡಕ್ಕೇ ತಿರುಗುತ್ತದೆ, ಚಿಟ್ಟೆ ಬಲಕ್ಕೆ. ನಾಲ್ಕನೆಯ ಗುಹೆಯಲ್ಲಿ ಚಿಟ್ಟೆಗಳ ಮೇಲೆ ಬಂಡೆ ಕೆಡವಿಯೇ ವಜ್ರ ಪಡೆಯಬೇಕು: ಬಂಡೆ ತಾಗಿದ ಚಿಟ್ಟೆ ಸ್ಫೋಟಗೊಂಡು, ಸುತ್ತಲಿನ ಮೂರು ಮನೆ ಉದ್ದ, ಮೂರು ಮನೆ ಅಗಲದ ಜಾಗ 9 ವಜ್ರಗಳಾಗುತ್ತದೆ. ಗುಹೆಯ ಹೊರಗೋಡೆ ಒಡೆಯುವಂಥದ್ದಲ್ಲವಾದ್ದರಿಂದ ಅದಕ್ಕೆ ತಾಗಿಕೊಂಡು ಸ್ಫೋಟಿಸಿದರೆ ವಜ್ರಗಳ ಲೆಕ್ಕ ಕಡಿಮೆಯಾಗುತ್ತದೆ. ಚಿಟ್ಟೆ ಯಾವ ಕ್ಷಣಕ್ಕೆ ಬಂಡೆಯ ನೇರಕ್ಕೆ ಬರುತ್ತದೆಂದು ಮೊದಲೇ ಎಣಿಸಿ, ಬಂಡೆಯ ಕೆಳಗಿನ ಮಣ್ಣನ್ನು ತೆಗೆಯಬೇಕು. ಇಲ್ಲಿ ಉಪಯೋಗಕ್ಕೆ ಬರುವುದು ಫೈರ್ ಬಟನ್. ಅದನ್ನು ಒತ್ತಿ ಹಿಡಿದರೆ ರಾಕ್‌ಫೋರ್ಡ್ ನಿಂತಲ್ಲಿಂದ ಅಲುಗದೆ ಪಕ್ಕದ ಮನೆಯ ಮಣ್ಣು ಅಥವಾ ವಜ್ರವನ್ನು ತೆಗೆದುಕೊಳ್ಳುತ್ತಾನೆ. ಹೊಸದಾಗಿ ಆಡುವವರು ಇದನ್ನು ಮೊದಲ ದಿನವೇ ಕಲಿತುಕೊಳ್ಳಬೇಕೆಂದು ನನ್ನ ಸಲಹೆ.

ಏಳನೆಯ ಗುಹೆಯ ಅಮೀಬಾ ನನಗೆ ಅತ್ಯಂತ ಪ್ರಿಯವಾದದ್ದು. ಅದು ಹಸಿರಾಗಿ, ಗುಂಯ್‌ಗುಡುತ್ತ, ಸಿಕ್ಕಸಿಕ್ಕ ಕಡೆ ಹಬ್ಬುತ್ತದೆ. ಬೆಳೆಯಲು ಜಾಗವಿಲ್ಲದಂತೆ ಬಂಡೆಗಳಿಂದ ಮುಚ್ಚಿಬಿಟ್ಟರೆ ಅದಷ್ಟೂ ವಜ್ರವಾಗುತ್ತದೆ. ಮುಚ್ಚುವುದು ತಡವಾಗಿ ಅದು ಮಿತಿಮೀರಿ ಬೆಳೆಯಿತೆಂದರೆ ಅಷ್ಟೂ ಬಂಡೆಗಳಾಗುತ್ತದೆ. ಹಬ್ಬುವ ದಿಕ್ಕನ್ನು ಮೊದಲೇ ಹೇಳಲಾಗದ ಕಾರಣ ಇಲ್ಲಿ ಬಾಯಿಪಾಠ ನಡೆಯುವುದಿಲ್ಲ, ಪ್ರತಿ ಸಲವೂ ಹೊಸದಾಗಿ ಯೋಚಿಸಬೇಕು. ನಾನು ಹಾಗೆ ಕೈಬಿಟ್ಟು ಯೋಚಿಸುತ್ತ ಕುಳಿತಾಗ ರಾಕ್‌ಫೋರ್ಡ್ ಕಣ್ಣು ಮಿಟುಕಿಸಿ, ನೆಲಕ್ಕೆ ಕಾಲು ತಟ್ಟುತ್ತಾನೆ. ಇಷ್ಟು ವರ್ಷಗಳ ನಂತರವೂ ಅದನ್ನು ಕಂಡರೆ ನನಗೆ ಪ್ರೀತಿ ಉಕ್ಕುತ್ತದೆ.

ಆಟದಲ್ಲಿ 16 ಗುಹೆಗಳೂ ನಡುನಡುವೆ 4 ಕಿರುಗುಹೆಗಳೂ ಇವೆ, ಕಠಿಣತೆಯ ಹಂತಗಳು 5. ದೊಡ್ಡ ಗುಹೆಯೊಂದಕ್ಕೆ 40 ಮನೆ ಅಗಲ, 22 ಮನೆ ಎತ್ತರ. ಅಂದಿನ ಕಂಪ್ಯೂಟರುಗಳ ಅಲ್ಪ ಮೆಮೊರಿಯಲ್ಲಿ ಇಷ್ಟನ್ನೂ ಮನೆಮನೆಯಾಗಿ ಬರೆದಿಡುವ ಬದಲು, ಒಂದು ಬೀಜಸಂಖ್ಯೆಯಿಂದ (ಲೆಕ್ಕ ಶುರುಮಾಡುವ ಅಂಕಿಯಿಂದ) ಲೆಕ್ಕ ಹಾಕಿ ಬಂಡೆ, ಮಣ್ಣು, ವಜ್ರಗಳನ್ನು ಚೆಲ್ಲಿ, ಅದರ ಮೇಲೆ ಗೋಡೆಗಳನ್ನು ಎಳೆಯಲಾಗಿದೆ. ಬೀಜಸಂಖ್ಯೆ ಒಂದೇ ಆಗಿರುವುದರಿಂದ ಗುಹೆ ಪ್ರತಿ ಸಲವೂ ಹಾಗೆಯೇ ಇರುತ್ತದೆ. ಹಂತ ಬದಲಾದಾಗ ಬೀಜವೂ ಬದಲಾಗಿ, ಪರಿಚಿತ ಗುಹೆಯಲ್ಲಿ ಬಂಡೆಗಳು ಬೇರೆ ಜಾಗಗಳಲ್ಲಿ ಕಾಣಿಸಿಕೊಳ್ಳುತ್ತವೆ. ಈ ಜಾಣ್ಮೆಗೆ ನನ್ನ ಮನಃಪೂರ್ವಕ ಮೆಚ್ಚುಗೆಯಿದೆ.

ಕೊರತೆಗಳೂ ಇವೆ. ಪರದೆಯಲ್ಲಿ ಒಮ್ಮೆಗೆ ಗುಹೆಯ ಒಂದು ಭಾಗ ಮಾತ್ರ ಕಾಣುತ್ತದೆ, ರಾಕ್‌ಫೋರ್ಡ್ ಅಂಚಿನ ಹತ್ತಿರ ಬಂದ ಮೇಲಷ್ಟೇ ನೋಟ ಮುಂದೆ ಸರಿಯುತ್ತದೆ. ಕಾಣದ ಮಿಂಚುಹುಳುವಿಗೆ ಸಿಕ್ಕಿ ಸತ್ತಾಗ ಮಾತ್ರ ಅದು ಅನ್ಯಾಯವೆನಿಸುತ್ತದೆ. ಬಂಡೆಯನ್ನು ತಳ್ಳುವಾಗ ಅದು ಒಮ್ಮೆ ಥಟ್ಟನೆ ಜರುಗುತ್ತದೆ, ಇನ್ನೊಮ್ಮೆ ತಡೆದು ನಿಲ್ಲುತ್ತದೆ, ಅವಸರದಲ್ಲಿ ಇದು ಪ್ರಾಣಕ್ಕೆ ಬರುತ್ತದೆ. ಆಟವನ್ನು ಆರಂಭಿಸಲು ಎ, ಇ, ಐ, ಎಂ (ಅಂದರೆ 1, 5, 9, 13ನೆಯ) ಎಂಬ ನಾಲ್ಕು ಗುಹೆಗಳಷ್ಟೇ ತೆರೆದಿರುವುದರಿಂದ, ಒಂದು ಕಷ್ಟದ ಗುಹೆಯನ್ನು ಅಭ್ಯಾಸ ಮಾಡಬೇಕಾದರೆ ಅದರ ಹಿಂದಿನವನ್ನೆಲ್ಲ ಮತ್ತೆ ದಾಟಿಕೊಂಡೇ ಬರಬೇಕು.

ಎಮ್ಯುಲೇಟರ್‌ನಲ್ಲಿ ಆಡುವವರಿಗೆ ಒಂದು ಮಾತು. ಐದು ವರ್ಷಗಳ ಹಿಂದೆ ನಾನು ಕೊಂಡ ಯುಎಸ್‌ಬಿ ಜಾಯ್‌ಸ್ಟಿಕ್‌ನಲ್ಲಿ ನಾಲ್ಕೇ ತಿಂಗಳಿಗೆ ಎಡದಿಕ್ಕು ಸರಿಯಾಗಿ ತಾಗದಂತಾಯಿತು. ಪಕ್ಕಕ್ಕೆ ಸರಿಯಬೇಕಾದ ರಾಕ್‌ಫೋರ್ಡ್ ಬಂಡೆಯ ಕೆಳಗೇ ನಿಂತುಬಿಡುತ್ತಿದ್ದ. ಮಾರಿದವರು ಬದಲಿಸಿ ಕೊಡಲಿಲ್ಲ. ಅಂದಿನಿಂದ ಕೀಬೋರ್ಡಿನ ಬಾಣದ ಕೀಲಿಗಳಲ್ಲೇ ಆಡುತ್ತಿದ್ದೇನೆ, ಈ ಆಟದಲ್ಲಿ ಓರೆ ಚಲನೆ ಇಲ್ಲವಾದ್ದರಿಂದ ಅವೇ ಹೆಚ್ಚು ಖಚಿತ. ಎಮ್ಯುಲೇಟರ್ ಒದಗಿಸುವ ನಡುವೆ ಉಳಿಸಿಕೊಳ್ಳುವ ಸೌಲಭ್ಯವನ್ನು ಮೊದಲ ವರ್ಷ ಧಾರಾಳವಾಗಿ ಬಳಸಿ, ಹದಿನಾರೂ ಗುಹೆಗಳನ್ನು ಬೇಗನೆ ನೋಡಿ ಮುಗಿಸಿದೆ. ಆಗ ಒಂದು ಗುಹೆಯೂ ನೆನಪಿನಲ್ಲಿ ನಿಲ್ಲಲಿಲ್ಲ. ಅದನ್ನು ಬಿಟ್ಟ ಮೇಲೆ ಮೂರನೆಯ ಹಂತವನ್ನು ಪೂರ್ತಿ ದಾಟಲು ಏಳು ವರ್ಷ ಹಿಡಿಯಿತು. ಈಗ ನಾಲ್ಕನೆಯ ಹಂತದ ಅಮೀಬಾ ಗುಹೆಯಲ್ಲಿದ್ದೇನೆ.